ಒಂದು ಐಚ್ಛಿಕ ಪತ್ರಿಕೆ ಸಾಲದು: ಪಠ್ಯಕ್ರಮ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ, ಅಧ್ಯಯನ ಮಂಡಳಿಗಳ ಹಿರಿಯರೇ,

ಲಿಂಗತ್ವ (ಜೆಂಡರ್) ಮತ್ತು ಲೈಂಗಿಕತೆಯನ್ನು ಸ್ನಾತಕ ಮಟ್ಟದಲ್ಲಿ ಪೂರ್ಣ ಪದವಿಯಾಗಿ ಕಲಿಸಬೇಕೆಂಬ ಪ್ರಸ್ತಾವ ನಿಮ್ಮ ಸಭೆಗೆ ಬಂದಾಗ ಏನಾಗುತ್ತದೆ ಎಂಬುದು ಈ ವಿಷಯವನ್ನು ಬೋಧಿಸುವ ನಮಗೆಲ್ಲ ಗೊತ್ತಿದೆ. ಯಾರೂ ನೇರವಾಗಿ ಬೇಡ ಎನ್ನುವುದಿಲ್ಲ. ವಿಷಯವೇನೋ ಒಳ್ಳೆಯದೇ, ಆದರೆ ಪದವಿ ತರಗತಿಗೆ ಭಾರವಾಯಿತು, ಸದ್ಯಕ್ಕೆ ಕೊನೆಯ ವರ್ಷದಲ್ಲಿ ಒಂದು ಐಚ್ಛಿಕ ಪತ್ರಿಕೆ ಇಡೋಣ, ಮುಂದಿನದನ್ನು ಸ್ನಾತಕೋತ್ತರದಲ್ಲಿ ನೋಡಿಕೊಳ್ಳಲಿ ಎಂದು ಯಾರೋ ಹೇಳುತ್ತಾರೆ. ಸಭೆ ತಲೆದೂಗುತ್ತದೆ. ಇತಿಹಾಸಕ್ಕೋ ಸಮಾಜಶಾಸ್ತ್ರಕ್ಕೋ ಸಾಹಿತ್ಯಕ್ಕೋ ಆ ಪತ್ರಿಕೆಯನ್ನು ಗಂಟುಹಾಕುತ್ತಾರೆ. ಕಾರ್ಯಭಾರ ಕಡಿಮೆ ಇರುವ ಅಧ್ಯಾಪಕರೊಬ್ಬರಿಗೆ ಅದನ್ನು ವಹಿಸುತ್ತಾರೆ. ಕಡತ ಮುಚ್ಚುತ್ತದೆ.

ಅಂಥ ಒಂದು ಪತ್ರಿಕೆಯನ್ನು ಹಲವು ವರ್ಷಗಳಿಂದ ಪಾಠ ಮಾಡುತ್ತಿರುವವಳು ನಾನು. ನಿಮ್ಮಲ್ಲಿ ಅನೇಕರಿಗೆ ಈ ವಿಷಯದ ಬಗ್ಗೆ ಒಂದು ಭಯವಿದೆ: ಇದು ವಿದ್ಯೆಗಿಂತ ಹೆಚ್ಚಾಗಿ ಘೋಷಣೆಗಳನ್ನು ಕಲಿಸುತ್ತದೆ, ಮಕ್ಕಳ ತಲೆಯಲ್ಲಿ ಒಂದು ಪಕ್ಷದ ಮಾತನ್ನು ತುಂಬುತ್ತದೆ ಎಂದು. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಮಾತು ಇಷ್ಟೇ: ಆ ಭಯ ನಿಜವಾಗುವುದು ವಿಷಯವನ್ನು ಅರೆಬರೆಯಾಗಿ ಕಲಿಸಿದಾಗ. ಒಂದು ಸೆಮಿಸ್ಟರಿನಲ್ಲಿ ನಾನು ಪರಿಭಾಷೆಯನ್ನು ಹೇಳಿಕೊಡಬಲ್ಲೆ, ನಾಲ್ಕಾರು ದೊಡ್ಡ ಹೆಸರುಗಳನ್ನು ಪರಿಚಯಿಸಬಲ್ಲೆ, ಪರೀಕ್ಷೆಗೆ ತಯಾರು ಮಾಡಬಲ್ಲೆ. ಆದರೆ ಆ ಪರಿಭಾಷೆ ಯಾವ ಆಧಾರದ ಮೇಲೆ ನಿಂತಿದೆ, ಯಾವ ಆಧಾರ ಆಮೇಲೆ ಕುಸಿದುಬಿತ್ತು, ಎದುರು ವಾದ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ಹೊತ್ತಿಗೆ ತರಗತಿಗಳೇ ಮುಗಿದಿರುತ್ತವೆ. ವಿದ್ಯಾರ್ಥಿಗಳು ತೀರ್ಮಾನಗಳನ್ನು ಮಾತ್ರ ಹೊತ್ತುಕೊಂಡು ಹೋಗುತ್ತಾರೆ. ತೀರ್ಮಾನಕ್ಕೆ ಬರುವ ದಾರಿ ಅವರ ಕೈಗೆ ಸಿಗುವುದೇ ಇಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಕೊಡುತ್ತೇನೆ, ಏಕೆಂದರೆ ತರಗತಿಯೊಳಗೆ ನಡೆಯುವುದು ಸಭೆಯ ನಡಾವಳಿಯಲ್ಲಿ ಕಾಣುವುದಿಲ್ಲ. ಮರಿಯಾ ಹೋಸೆ ಮಾರ್ಟಿನೆಜ್ ಪಾಟಿನ್ಯೊ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ. 1983ರಲ್ಲಿ ಹೆಲ್ಸಿಂಕಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಕೆ, ಸ್ಪರ್ಧಿ ಹೆಣ್ಣೇ ಎಂದು ಖಚಿತಪಡಿಸುವ ಲಿಂಗ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರ ಪಡೆದಿದ್ದರು. 1985ರಲ್ಲಿ ಜಪಾನಿನ ಕೋಬೆಯಲ್ಲಿ ನಡೆದ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಹೋಗುವಾಗ ಆ ಪ್ರಮಾಣಪತ್ರ ಒಯ್ಯಲು ಮರೆತರು. ಮತ್ತೆ ಪರೀಕ್ಷೆ ಮಾಡಿದರು. ಎಕ್ಸ್‌ವೈ ವರ್ಣತಂತುಗಳು, ಅಂದರೆ ಸಾಮಾನ್ಯವಾಗಿ ಗಂಡಸರಲ್ಲಿ ಇರುವಂಥವು, ಇವೆ ಎಂಬ ಫಲಿತಾಂಶ ಬಂತು. ಗಾಯವಾಗಿದೆ ಎಂದು ನಟಿಸಿ ಪಕ್ಕಕ್ಕೆ ಕೂರುವಂತೆ ತಂಡದ ವೈದ್ಯರು ಹೇಳಿದರು. ಮರುವರ್ಷ ತಮ್ಮ ದೇಶದ ಚಾಂಪಿಯನ್‌ಷಿಪ್‌ನಿಂದ ಸದ್ದಿಲ್ಲದೆ ಹಿಂದೆ ಸರಿಯಬೇಕೆಂಬ ಒತ್ತಡ ಬಂದರೂ ಆಕೆ ಓಡಿದರು, ಗೆದ್ದರು. ಸುದ್ದಿ ಪತ್ರಿಕೆಗಳಿಗೆ ಸೋರಿತು. ಪದಕಗಳು, ವಿದ್ಯಾರ್ಥಿವೇತನ, ವಸತಿ, ಮದುವೆಯ ನಿಶ್ಚಯ, ಎಲ್ಲವೂ ಹೋದವು. ಫಿನ್ಲೆಂಡಿನ ತಳಿವಿಜ್ಞಾನಿಯೊಬ್ಬರ ನೆರವಿನಿಂದ ಹೋರಾಡಿ 1988ರಲ್ಲಿ ಸ್ಪರ್ಧಿಸುವ ಹಕ್ಕನ್ನು ಮರಳಿ ಪಡೆದರು. ಆ ಹೊತ್ತಿಗೆ ಓಟಗಾರ್ತಿಯ ಬದುಕಿನ ಅತ್ಯುತ್ತಮ ವರ್ಷಗಳು ಕಳೆದುಹೋಗಿದ್ದವು. 1992ರ ಒಲಿಂಪಿಕ್ಸ್‌ಗೆ ಅರ್ಹತೆ ಕೂದಲೆಳೆಯ ಅಂತರದಲ್ಲಿ ತಪ್ಪಿತು.

ಈ ಪ್ರಸಂಗವನ್ನು ಮುಂದಿಟ್ಟ ದಿನ ತರಗತಿ ಎರಡು ಪಾಳಯವಾಗುತ್ತದೆ. ಎಕ್ಸ್‌ವೈ ಎಂದಮೇಲೆ ಗಂಡು, ಇನ್ನೇನು ಚರ್ಚೆ ಎನ್ನುವವರು ಒಂದು ಕಡೆ. ದೇಹಕ್ಕೂ ಲಿಂಗಕ್ಕೂ ಸಂಬಂಧವೇ ಇಲ್ಲ, ಎಲ್ಲವೂ ಸಮಾಜ ಕಟ್ಟಿದ್ದು ಎನ್ನುವವರು ಇನ್ನೊಂದು ಕಡೆ. ನಾನು ಇಬ್ಬರಿಗೂ ಉತ್ತರ ಕೊಡುವುದಿಲ್ಲ; ಜೀವಶಾಸ್ತ್ರದ ಪಾಠ ಶುರುಮಾಡುತ್ತೇನೆ. ವೈ ವರ್ಣತಂತುವಿನಲ್ಲಿ ಸಾಮಾನ್ಯವಾಗಿ ಎಸ್‌ಆರ್‌ವೈ ಎಂಬ ಜೀನ್ ಇರುತ್ತದೆ. ಅದನ್ನು ಗುರುತಿಸಿದ್ದು 1990ರಲ್ಲಿ. ಅದರ ಸೂಚನೆಯಂತೆ ಭ್ರೂಣದಲ್ಲಿ ವೃಷಣಗಳು ರೂಪುಗೊಳ್ಳುತ್ತವೆ, ವೃಷಣಗಳು ಟೆಸ್ಟೋಸ್ಟೆರಾನ್ ಸ್ರವಿಸುತ್ತವೆ. ಆದರೆ ಆ ಹಾರ್ಮೋನು ಕೆಲಸ ಮಾಡಬೇಕಾದರೆ ಜೀವಕೋಶಗಳಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಇರಬೇಕು. ಮಾರ್ಟಿನೆಜ್ ಪಾಟಿನ್ಯೊ ಅವರ ದೇಹದಲ್ಲಿ ಆ ಗ್ರಾಹಕಗಳು ಸ್ಪಂದಿಸುತ್ತಿರಲಿಲ್ಲ. ಹಾರ್ಮೋನು ಇದ್ದೂ ಇಲ್ಲದಂತೆ. ದೇಹ ಹೆಣ್ಣಿನ ದೇಹವಾಗಿಯೇ ಬೆಳೆಯಿತು, ಓಟದಲ್ಲಿ ಆ ಹಾರ್ಮೋನಿನಿಂದ ಆಕೆಗೆ ದಕ್ಕಿದ ಲಾಭ ಏನೂ ಇರಲಿಲ್ಲ. ಇಷ್ಟು ಹೇಳುವಷ್ಟರಲ್ಲಿ ಮೊದಲ ಪಾಳಯ ಸುಮ್ಮನಾಗುತ್ತದೆ. ಎರಡನೆಯ ಪಾಳಯವೂ ಹಿಗ್ಗುವಂತಿಲ್ಲ, ಏಕೆಂದರೆ ಆಕೆಯ ಪರವಾಗಿ ನಿಂತ ವಾದವೇ ದೇಹದ ವಾದ, ಜೀವಕೋಶದ ವಾದ.

ಅಲ್ಲಿಂದ ಮುಂದೆ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ಇನ್ನೊಂದು ಬಗೆಯ, ಗಂಡು ಅಥವಾ ಹೆಣ್ಣೆಂಬ ಸಾಮಾನ್ಯ ಲಕ್ಷಣಗಳಿಗೆ ಪೂರ್ತಿ ಹೊಂದದ, ಅಂತರ್‌ಲಿಂಗಿ ದೇಹಗಳಲ್ಲಿ ಟೆಸ್ಟೋಸ್ಟೆರಾನ್ ಸಂಪೂರ್ಣವಾಗಿ ಕೆಲಸ ಮಾಡುತ್ತದೆ. ಅಲ್ಲಿ ನ್ಯಾಯ ಎಂದರೇನು? 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಎಂಟು ಮಹಿಳೆಯರ ಫಲಿತಾಂಶ ‘ಗಂಡು’ ಎಂದು ಬಂದರೂ ಎಲ್ಲರಿಗೂ ಸ್ಪರ್ಧಿಸಲು ಅವಕಾಶ ಕೊಟ್ಟರು, ಏಕೆ? ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಪ್ರಕರಣದಲ್ಲಿ 2019ರಲ್ಲಿ ಕ್ರೀಡಾ ನ್ಯಾಯಮಂಡಳಿ, ಟೆಸ್ಟೋಸ್ಟೆರಾನ್ ಮಿತಿಯ ನಿಯಮಗಳು ತಾರತಮ್ಯದಿಂದ ಕೂಡಿದ್ದರೂ ಮಹಿಳಾ ವಿಭಾಗದ ರಕ್ಷಣೆಗೆ ಅಗತ್ಯ ಎಂದಿತು. ಆ ತರ್ಕ ನಿಲ್ಲುತ್ತದೆಯೇ? 2025ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಎಸ್‌ಆರ್‌ವೈ ಜೀನಿನ ಪರೀಕ್ಷೆಯನ್ನು ಜಾರಿಗೆ ತಂದಿತು. ಆ ಜೀನನ್ನು ಗುರುತಿಸಿದ ವಿಜ್ಞಾನಿಗಳಲ್ಲಿ ಒಬ್ಬರಾದ ಆಂಡ್ರ್ಯೂ ಸಿಂಕ್ಲೇರ್ ಅವರೇ ಈ ಬಳಕೆಯನ್ನು ವಿರೋಧಿಸಿದರು. ಅವರ ಆಕ್ಷೇಪ ಏನು, ಸಂಸ್ಥೆಯ ಉತ್ತರ ಏನು? ಇದನ್ನು ಬಗೆಹರಿಸಲು ತಳಿಶಾಸ್ತ್ರ ಬೇಕು, ಕಾನೂನು ಬೇಕು, ಸಂಖ್ಯಾಶಾಸ್ತ್ರ ಬೇಕು, ಪರೀಕ್ಷೆಗಳ ಇತಿಹಾಸ ಬೇಕು, ನೀತಿಶಾಸ್ತ್ರವೂ ಬೇಕು. ಒಂದೇ ಪ್ರಸಂಗಕ್ಕೆ ಇಷ್ಟು. ನನ್ನ ಪತ್ರಿಕೆಯಲ್ಲಿ ಇದಕ್ಕೆ ಸಿಗುವುದು ಎರಡು ತರಗತಿ. ಎರಡು ತರಗತಿಗಳಲ್ಲಿ ವಿದ್ಯಾರ್ಥಿ ಕಲಿಯುವುದು ಒಂದು ಪಕ್ಷವನ್ನು ಮಾತ್ರ. ನೀವು ಹೆದರುವುದು ಇದಕ್ಕೇ ಅಲ್ಲವೇ?

ಇದು ಶಾಸ್ತ್ರವೇ ಅಲ್ಲ, ಅಭಿಪ್ರಾಯಗಳ ಕಂತೆ ಎನ್ನುವವರಿಗೆ ನಾನು ಎವೆಲಿನ್ ಹೂಕರ್ ಅವರ ಕೆಲಸವನ್ನು ಓದಲು ಕೊಡುತ್ತೇನೆ. ಹೂಕರ್ ಅಮೆರಿಕದ ಮನಶ್ಶಾಸ್ತ್ರಜ್ಞೆ. 1940ರ ದಶಕದಲ್ಲಿ ಆಕೆಯ ಹಳೆಯ ವಿದ್ಯಾರ್ಥಿಯೊಬ್ಬ, ನಮ್ಮಂಥವರನ್ನು ಅಧ್ಯಯನ ಮಾಡುವುದು ವಿಜ್ಞಾನಿಯಾಗಿ ನಿಮ್ಮ ಕರ್ತವ್ಯ ಎಂದು ಪಟ್ಟುಹಿಡಿದ. ಆತ ಸಲಿಂಗಿ. ಸಲಿಂಗಿ ಪುರುಷರ ಬಗ್ಗೆ ಆವರೆಗೆ ನಡೆದಿದ್ದ ಬಹುಪಾಲು ಅಧ್ಯಯನಗಳು ಜೈಲುಗಳಲ್ಲಿ, ಮಾನಸಿಕ ಆಸ್ಪತ್ರೆಗಳಲ್ಲಿ, ಚಿಕಿತ್ಸೆಗೆ ಬಂದವರಲ್ಲಿ ನಡೆದಂಥವು. ರೋಗಿಗಳನ್ನೇ ಹುಡುಕಿಕೊಂಡು ಹೋಗಿ, ಎಲ್ಲರೂ ರೋಗಿಗಳೇ ಎಂದು ಬರೆದಂತಾಗಿತ್ತು. ಹೂಕರ್ ಮಾಡಿದ್ದು ಇಷ್ಟು: ಚಿಕಿತ್ಸೆಯಲ್ಲಿಲ್ಲದ, ಜೈಲು ಕಾಣದ 30 ಸಲಿಂಗಿ ಪುರುಷರನ್ನು ಆರಿಸಿಕೊಂಡರು, ವಯಸ್ಸು, ಬುದ್ಧಿಮಟ್ಟ, ವಿದ್ಯಾಭ್ಯಾಸದಲ್ಲಿ ಅವರಿಗೆ ಸರಿಹೊಂದುವ 30 ಭಿನ್ನಲಿಂಗಾಸಕ್ತ ಪುರುಷರನ್ನು ಹುಡುಕಿದರು. ಎಲ್ಲರಿಗೂ ಆ ಕಾಲದ ಹೆಸರಾಂತ ಮನಃಪರೀಕ್ಷೆಗಳನ್ನು ಕೊಟ್ಟರು. ಹೆಸರು, ಗುರುತು ತೆಗೆದು ಫಲಿತಾಂಶಗಳನ್ನು ಆ ಪರೀಕ್ಷೆಗಳ ತಜ್ಞರ ಮುಂದಿಟ್ಟು, ಇವರಲ್ಲಿ ಯಾರು ಯಾರು ಎಂದು ಹೇಳಿ ಎಂದರು. ತಜ್ಞರಿಗೆ ಹೇಳಲಾಗಲಿಲ್ಲ. ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಅವರ ಗುರುತಿಸುವಿಕೆ ಮೇಲಾಗಿರಲಿಲ್ಲ.

1957ರಲ್ಲಿ ಆ ಪ್ರಬಂಧ ಪ್ರಕಟವಾಯಿತು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆಯುವ ತೀರ್ಮಾನ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಅದೇ ತೀರ್ಮಾನಕ್ಕೆ ಬಂದದ್ದು 1990ರ ಮೇ 17ರಂದು. ನಡುವೆ ಬೀದಿಯ ಹೋರಾಟಗಳೂ ನಡೆದವು, ವೈದ್ಯರ ಒಳಜಗಳಗಳೂ ನಡೆದವು. ಒಂದೇ ಅಧ್ಯಯನ ಎಲ್ಲವನ್ನೂ ಬದಲಿಸಿತು ಎಂದು ಹೇಳುವುದು ತಪ್ಪಾಗುತ್ತದೆ. ಆದರೆ ಮಾದರಿಯನ್ನು ಎಲ್ಲಿಂದ ಆರಿಸಬೇಕು, ತೀರ್ಪುಗಾರರಿಂದ ಏನನ್ನು ಮರೆಮಾಡಬೇಕು ಎಂಬ ಸಂಶೋಧನಾ ವಿಧಾನದ ಎರಡು ಸಣ್ಣ ಪ್ರಶ್ನೆಗಳು ಎಷ್ಟು ಜನರ ಬದುಕನ್ನು ಮುಟ್ಟಬಲ್ಲವು ಎಂಬುದನ್ನು ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ತಿಳಿದವನು ಜೀವಮಾನದಲ್ಲಿ ಮರೆಯುವುದಿಲ್ಲ. ಆ ಅಧ್ಯಯನಕ್ಕೆ ಕಿಡಿ ಹೊತ್ತಿದ್ದು ಒಬ್ಬ ವಿದ್ಯಾರ್ಥಿಯಿಂದ ಎಂಬುದನ್ನೂ ನೆನಪಿಡಬೇಕೆಂದು ಕೋರುತ್ತೇನೆ.

ನಮ್ಮ ವಿಷಯದ ಎಡವಟ್ಟುಗಳನ್ನೂ ಮುಚ್ಚಿಡಬೇಕಾಗಿಲ್ಲ. ‘ಲಿಂಗತ್ವದ ಪಾತ್ರ’ ಎಂಬ ಪರಿಕಲ್ಪನೆಯನ್ನು 1955ರಲ್ಲಿ ಚಲಾವಣೆಗೆ ತಂದವರು ಅಮೆರಿಕದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಮನಿ. ಮಗು ತನ್ನನ್ನು ಗಂಡೆಂದೋ ಹೆಣ್ಣೆಂದೋ ಅರಿಯುವುದು ಮುಖ್ಯವಾಗಿ ಬೆಳೆಸುವ ಬಗೆಯಿಂದ ಎಂದು ಅವರು ನಂಬಿದ್ದರು. 1965ರಲ್ಲಿ ಕೆನಡಾದಲ್ಲಿ ಹುಟ್ಟಿದ ಅವಳಿ ಗಂಡುಮಕ್ಕಳಲ್ಲಿ ಒಬ್ಬನ ಶಿಶ್ನ ಶಸ್ತ್ರಚಿಕಿತ್ಸೆಯ ಅವಘಡದಲ್ಲಿ ನಾಶವಾಯಿತು. ಮನಿ ಅವರ ಸಲಹೆಯಂತೆ 1967ರಲ್ಲಿ ಇನ್ನೊಂದು ಶಸ್ತ್ರಚಿಕಿತ್ಸೆ ನಡೆಸಿ ಆ ಮಗುವನ್ನು ಹುಡುಗಿಯಾಗಿ ಬೆಳೆಸಲಾಯಿತು. ಪ್ರಯೋಗ ಯಶಸ್ವಿಯಾಗಿದೆ ಎಂದು ಮನಿ 1972ರಲ್ಲಿ ಬರೆದರು. ಎಷ್ಟೋ ಪಠ್ಯಪುಸ್ತಕಗಳು ಅದನ್ನೇ ನಕಲು ಮಾಡಿದವು. ನಿಜ ಸಂಗತಿ ಬೇರೆಯೇ ಇತ್ತು. ಆ ಮಗು ಎಂದೂ ತನ್ನನ್ನು ಹುಡುಗಿ ಎಂದು ಒಪ್ಪಿಕೊಳ್ಳಲಿಲ್ಲ; ಹದಿನಾಲ್ಕನೆಯ ವಯಸ್ಸಿನಲ್ಲಿ ಸತ್ಯ ತಿಳಿದಮೇಲೆ ಹುಡುಗನಾಗಿ ಬದುಕತೊಡಗಿತು. ಅದು ವಿದ್ವತ್ ಲೋಕಕ್ಕೆ ಪ್ರಕಟವಾದದ್ದು 1997ರಲ್ಲಿ.

ಈ ಕಥೆಯನ್ನು ಎಲ್ಲ ಕಡೆಯವರೂ ತಮ್ಮ ತಮ್ಮ ಆಯುಧವಾಗಿ ಬಳಸುತ್ತಾರೆ. ನಮ್ಮ ವಿಷಯದ ವಿರೋಧಿಗಳು, ನೋಡಿ, ಎಲ್ಲವೂ ಹುಟ್ಟಿನಿಂದಲೇ ಬರುತ್ತದೆ ಎನ್ನುತ್ತಾರೆ. ತಾನು ಯಾರೆಂಬ ಅರಿವನ್ನು ಹೊರಗಿನಿಂದ ಹೇರಲಾಗದು ಎಂಬುದಕ್ಕೆ ಇದೇ ಸಾಕ್ಷಿ ಎಂದು ತೃತೀಯ ಲಿಂಗಿಗಳ ಪರವಾಗಿ ಮಾತನಾಡುವವರು ಹೇಳುತ್ತಾರೆ. ಒಂದು ಮಗುವಿನ ನೋವಿನಿಂದ ಎಷ್ಟು ದೊಡ್ಡ ಸಿದ್ಧಾಂತ ಕಟ್ಟಬಹುದು, ಒಂದೇ ಪ್ರಕರಣ ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸಲಾರದು ಎಂದು ನಿಂತು ಕೇಳುವವರು ಕಡಿಮೆ. ಆ ಕೇಳುವವರನ್ನು ತಯಾರು ಮಾಡುವುದೇ ಪದವಿಯ ಕೆಲಸ. ಮಗುವಿನ ಒಪ್ಪಿಗೆಯಿಲ್ಲದ ಚಿಕಿತ್ಸೆ, ದೂರದಿಂದ ಹೊಗಳಿದ ಪಠ್ಯಪುಸ್ತಕ, ಸರಿಯಾದ ಮರುಪರಿಶೀಲನೆಯಿಲ್ಲದೆ ಕಳೆದುಹೋದ ಇಪ್ಪತ್ತೈದು ವರ್ಷ: ತನ್ನ ಶಾಸ್ತ್ರದ ಒಳಗೇ ನಡೆದ ಇಂಥ ಅನ್ಯಾಯವನ್ನು ಓದಿದ ವಿದ್ಯಾರ್ಥಿ ಯಾವ ಗುರುವಿನ ಮಾತನ್ನೂ ಗಿಣಿಪಾಠ ಒಪ್ಪಿಸುವುದಿಲ್ಲ.

2018ರಲ್ಲಿ ಮೂವರು ಬರಹಗಾರರು ಬೇಕೆಂದೇ ಹುಸಿ ಪ್ರಬಂಧಗಳನ್ನು ಬರೆದು ಈ ಕ್ಷೇತ್ರದ ಮತ್ತು ಸುತ್ತಲಿನ ಕ್ಷೇತ್ರಗಳ ನಿಯತಕಾಲಿಕಗಳಿಗೆ ಕಳಿಸಿದ ಪ್ರಸಂಗವನ್ನೂ ನಿಮ್ಮ ಸಭೆಗಳಲ್ಲಿ ಎತ್ತುತ್ತಾರೆ. ಇಪ್ಪತ್ತು ಪ್ರಬಂಧಗಳಲ್ಲಿ ಏಳು ಅಂಗೀಕಾರಗೊಂಡವು, ನಾಲ್ಕು ಅಚ್ಚೂ ಆದವು. ನಮ್ಮಲ್ಲಿ ಕೆಲವರು ಅದನ್ನು ಬರಿಯ ದುರುದ್ದೇಶದ ಕುತಂತ್ರ ಎಂದು ತಳ್ಳಿಹಾಕಿದರು. ನಾನು ಹಾಗೆ ಮಾಡಲಾರೆ. ಸುಳ್ಳಾಗಿ ಸೃಷ್ಟಿಸಿದ ಅಂಕಿಅಂಶಗಳನ್ನು ವಿಮರ್ಶಕರು ನಂಬಿದ್ದು ಒಂದು ಮಾತು. ಜಟಿಲವಾದ ಭಾಷೆಯನ್ನು ಆಳವಾದ ಚಿಂತನೆ ಎಂದು ತಪ್ಪಾಗಿ ತಿಳಿಯುವ ಚಾಳಿ ನಮ್ಮ ಕ್ಷೇತ್ರದಲ್ಲಿ ಇದೆ ಎಂಬುದು ಇನ್ನೊಂದು ಮಾತು. ಇದಕ್ಕೆ ಮದ್ದು ವಿಭಾಗವನ್ನು ಮುಚ್ಚುವುದರಲ್ಲಿ ಇಲ್ಲ. ದತ್ತಾಂಶ ಓದಬಲ್ಲ, ಸರಳವಾಗಿ ಬರೆಯಬಲ್ಲ ಪದವೀಧರರನ್ನು ಮೊದಲ ವರ್ಷದಿಂದಲೇ ತಿದ್ದಿ ಬೆಳೆಸುವುದರಲ್ಲಿ ಇದೆ.

ಮುಚ್ಚಿದವರೂ ಇದ್ದಾರೆ. ಹಂಗೆರಿಯ ಸರ್ಕಾರ 2018ರ ಅಕ್ಟೋಬರಿನಲ್ಲಿ ಲಿಂಗತ್ವ ಅಧ್ಯಯನದ ಸ್ನಾತಕೋತ್ತರ ಪದವಿಯನ್ನು ಮಾನ್ಯತೆಯ ಪಟ್ಟಿಯಿಂದಲೇ ತೆಗೆದುಹಾಕಿತು. ಫ್ಲಾರಿಡಾದ ನ್ಯೂ ಕಾಲೇಜಿನ ಆಡಳಿತ ಮಂಡಳಿ 2023ರಲ್ಲಿ ತನ್ನ ಲಿಂಗತ್ವ ಅಧ್ಯಯನವನ್ನು ಕೊನೆಗೊಳಿಸುವ ನಿರ್ಣಯ ಮಾಡಿತು. ರೊಮೇನಿಯಾದ ಸಂಸತ್ತು 2020ರಲ್ಲಿ ಲಿಂಗತ್ವ ಗುರುತಿನ ಬಗ್ಗೆ ಶಾಲೆ, ವಿಶ್ವವಿದ್ಯಾಲಯಗಳಲ್ಲಿ ಬೋಧಿಸುವುದನ್ನೇ ನಿಷೇಧಿಸಲು ಹೊರಟಿತ್ತು. ಅದೇ ವರ್ಷ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದನ್ನು ತಡೆಯಿತು. ಇವೆಲ್ಲಕ್ಕೂ ಹಿಂದೆ, 1919ರಲ್ಲಿ ಜರ್ಮನ್ ವೈದ್ಯ ಮಾಗ್ನುಸ್ ಹಿರ್ಷ್‌ಫೆಲ್ಡ್ ಬರ್ಲಿನ್‌ನಲ್ಲಿ ತೆರೆದ ಲೈಂಗಿಕ ವಿಜ್ಞಾನ ಸಂಸ್ಥೆಯಿತ್ತು. ಅಲ್ಲಿ ಚಿಕಿತ್ಸೆಯಿತ್ತು, ಸಲಹೆಯಿತ್ತು, ದೊಡ್ಡ ಗ್ರಂಥಭಂಡಾರವಿತ್ತು. 1933ರ ಮೇ 6ರಂದು ಅದನ್ನು ಲೂಟಿ ಮಾಡಿದರು, ನಾಲ್ಕು ದಿನಗಳ ನಂತರ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು. ಲೂಟಿಗೆ ಮುಂದಾಗಿ ನಿಂತವರು ನಾಜಿ ಪಕ್ಷದ ವಿದ್ಯಾರ್ಥಿಗಳು. ಇದನ್ನು ನಾನು ಯಾರನ್ನೂ ಯಾರಿಗೂ ಹೋಲಿಸಲು ಹೇಳುತ್ತಿಲ್ಲ. ಒಂದು ವಿಷಯವನ್ನು ಸಾವಧಾನವಾಗಿ ಕಲಿಯುವ ಜಾಗ ವಿಶ್ವವಿದ್ಯಾಲಯದೊಳಗೆ ಇಲ್ಲದೆ ಹೋದಾಗ, ಆ ವಿಷಯದ ಬಗ್ಗೆ ವಿದ್ಯಾವಂತ ಯುವಕರೇ ಹೇಗೆ ಕೆರಳಬಲ್ಲರು ಎಂಬುದಕ್ಕಾಗಿ ಹೇಳುತ್ತಿದ್ದೇನೆ.

ಕಟ್ಟಿದವರ ಸಾಲೂ ಉದ್ದವಾಗಿದೆ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ 1970ರಲ್ಲಿ, ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ, ಉಗಾಂಡಾದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಮಹಿಳಾ ಅಧ್ಯಯನದ ಘಟಕಗಳು ಶುರುವಾದವು. ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಕಾಲೇಜು 1989ರಲ್ಲಿ ಸಲಿಂಗಿಗಳ ಅಧ್ಯಯನಕ್ಕೆಂದೇ ಒಂದು ವಿಭಾಗ ತೆರೆಯಿತು. ಇಂದು ಅನೇಕ ದೇಶಗಳಲ್ಲಿ ಇದು ಪೂರ್ಣ ಪದವಿ. ಹೊಸದಾಗಿ ಏನನ್ನೋ ಕಂಡುಹಿಡಿಯಿರಿ ಎಂದು ನಾವು ನಿಮ್ಮನ್ನು ಕೇಳುತ್ತಿಲ್ಲ.

ಇನ್ನು ಉದ್ಯೋಗದ ಪ್ರಶ್ನೆ. ಓದಿ ಮುಗಿಸಿದ ಮೇಲೆ ಹೊಟ್ಟೆಪಾಡೇನು ಎಂದು ಹೆತ್ತವರು ಕೇಳುವುದು ನ್ಯಾಯವೇ. ಇತಿಹಾಸ ಅಥವಾ ತತ್ತ್ವಶಾಸ್ತ್ರ ಓದಿದವರಿಗೆ ಸಿಗುವ ಎಲ್ಲ ದಾರಿಗಳೂ ಇವರಿಗೂ ಉಂಟು. ಅವುಗಳ ಜೊತೆಗೆ ಈ ಪದವಿ ನೇರವಾಗಿ ಬೇಕಾಗುವ ಕೆಲಸಗಳೂ ಇವೆ. ಆದರೆ ಆ ಕೆಲಸಗಳು ‘ಲಿಂಗತ್ವ ತಜ್ಞ ಬೇಕಾಗಿದ್ದಾರೆ’ ಎಂಬ ಜಾಹೀರಾತಿನಲ್ಲಿ ಬರುವುದು ಕಡಿಮೆ. ಔಷಧ ಕಂಪನಿಯಲ್ಲಿ ಪ್ರಯೋಗದ ದತ್ತಾಂಶ ನೋಡುವವರಿಗೆ ಇದು ಬೇಕು: ಝೋಲ್ಪಿಡೆಮ್ ಎಂಬ ನಿದ್ರೆ ಮಾತ್ರೆ ಮಹಿಳೆಯರ ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ. ಮಾರುಕಟ್ಟೆಗೆ ಬಂದು ಎಷ್ಟೋ ವರ್ಷಗಳ ಮೇಲೆ, 2013ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಹಿಳೆಯರಿಗೆ ಅದರ ಪ್ರಮಾಣವನ್ನು ಅರ್ಧಕ್ಕೆ ಇಳಿಸಿತು. ಅದುವರೆಗೆ ಎಷ್ಟು ಹೆಂಗಸರು ಅಮಲಿನಲ್ಲೇ ಬೆಳಿಗ್ಗೆ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋದರೋ. ಕಚೇರಿಗಳ ದೂರು ಸಮಿತಿಗಳಿಗೆ, ಆಸ್ಪತ್ರೆಗಳಿಗೆ, ನ್ಯಾಯಾಲಯಗಳಿಗೆ, ಶಾಲೆಗಳ ಆಪ್ತಸಮಾಲೋಚಕರಿಗೆ, ಜನಗಣತಿಯ ಪ್ರಶ್ನಾವಳಿ ಬರೆಯುವವರಿಗೆ ಇದು ಬೇಕು.

ಪ್ರಶ್ನಾವಳಿಯ ಬಗ್ಗೆ ಒಂದಿಷ್ಟು ಹೆಚ್ಚು ಹೇಳುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿಯ ಪ್ರಕಾರ ಜಗತ್ತಿನಲ್ಲಿ ದಿನವೊಂದಕ್ಕೆ ಸಂಬಳವಿಲ್ಲದ ಆರೈಕೆಯ ಕೆಲಸಕ್ಕೆ ಸಲ್ಲುವ ಹೊತ್ತು 1,640 ಕೋಟಿ ಗಂಟೆ; ಅದರಲ್ಲಿ ಶೇ 76.2ರಷ್ಟನ್ನು ಮಾಡುವವರು ಮಹಿಳೆಯರು. ಈ ಅಂಕಿಯನ್ನು ಬಾಯಿಪಾಠ ಮಾಡುವುದು ಸುಲಭ. ನಾನು ವಿದ್ಯಾರ್ಥಿಗಳಿಗೆ ಬೇರೊಂದು ಕೆಲಸ ಕೊಡುತ್ತೇನೆ: ಒಂದು ಮನೆಯ ಒಂದು ದಿನವನ್ನು ಅರ್ಧರ್ಧ ಗಂಟೆಯ ಚೌಕಗಳಲ್ಲಿ ತುಂಬಿ ತನ್ನಿ. ಮೊದಲ ಸಲ ಎಲ್ಲರೂ ಬೇಗ ತುಂಬಿಬಿಡುತ್ತಾರೆ. ಆಮೇಲೆ ನಾನು ಕೇಳುತ್ತೇನೆ, ಬಟ್ಟೆ ಮಡಚುತ್ತ ತೆವಳುವ ಮಗುವಿನ ಮೇಲೆ ಕಣ್ಣಿಟ್ಟವಳ ಅರ್ಧ ಗಂಟೆ ಯಾವ ಚೌಕಕ್ಕೆ ಹೋಯಿತು? ಪಕ್ಕದ ಕೋಣೆಯಲ್ಲಿರುವ ಕಾಯಿಲೆಯ ಅತ್ತೆ ಕರೆದರೆ ಏಳಬೇಕೆಂದು ಅರೆನಿದ್ದೆಯಲ್ಲಿ ಮಲಗಿದವಳ ರಾತ್ರಿ ‘ನಿದ್ರೆ’ಯೋ ‘ಕೆಲಸ’ವೋ? ತರಗತಿಯಲ್ಲಿ ಹೆಚ್ಚು ಮಾತನಾಡದ ಹುಡುಗನೊಬ್ಬ ಒಮ್ಮೆ ತನ್ನ ಹಾಳೆಯನ್ನು ಎರಡನೆಯ ಬಾರಿ ತುಂಬಿ ತಂದ. ತಾಯಿಯ ಸಾಲಿನಲ್ಲಿ ಪ್ರತಿ ಚೌಕವನ್ನೂ ಅಡ್ಡಗೆರೆ ಎಳೆದು ಎರಡು ಮಾಡಿದ್ದ. ತನ್ನ ಸಾಲಿನಲ್ಲಿ ಅಂಥ ಒಂದು ಗೆರೆಯೂ ಇರಲಿಲ್ಲ. ಅವನು ಕೇಳಿದ ಪ್ರಶ್ನೆ ಸಂಖ್ಯಾಶಾಸ್ತ್ರದ್ದು: ಹೀಗೆ ಮಾಡಿದರೆ ಅಮ್ಮನ ದಿನ ಇಪ್ಪತ್ನಾಲ್ಕು ಗಂಟೆಗಿಂತ ಹೆಚ್ಚಾಗುತ್ತದೆ, ಕೂಡುವುದು ಹೇಗೆ? ಸಮಯ ಬಳಕೆಯ ಸಮೀಕ್ಷೆಗಳನ್ನು ನಡೆಸುವವರು ಇಂದಿಗೂ ತಲೆಕೆಡಿಸಿಕೊಂಡಿರುವ ಪ್ರಶ್ನೆ ಅದು. ಅವನಿಗೆ ಉತ್ತರಿಸಲು ಒಂದು ಪೂರ್ತಿ ಪತ್ರಿಕೆ ಬೇಕಿತ್ತು. ನನ್ನ ಬಳಿ ಉಳಿದಿದ್ದದ್ದು ಪುನರಾವರ್ತನೆಯ ವಾರ.

ಎಲ್ಲ ವಿಷಯಗಳಲ್ಲೂ ಸ್ವಲ್ಪ ಸ್ವಲ್ಪ ಸೇರಿಸಿದರೆ ಸಾಲದೇ ಎಂದೂ ನೀವು ಕೇಳುತ್ತೀರಿ. ಸೇರಿಸಿ, ಖಂಡಿತ ಸೇರಿಸಿ. ಆದರೆ ಎಲ್ಲರ ಹೊಣೆಯಾದದ್ದು ಯಾರ ಹೊಣೆಯೂ ಆಗುವುದಿಲ್ಲ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಅಷ್ಟೇ ಅಲ್ಲ, ಕೆಲವು ಪ್ರಶ್ನೆಗಳು ವಿಭಾಗಗಳ ಗೋಡೆಗಳ ನಡುವೆಯೇ ಬಿದ್ದುಹೋಗುತ್ತವೆ. 1976ರಲ್ಲಿ ಐವರು ಕಪ್ಪು ಮಹಿಳೆಯರು ಜನರಲ್ ಮೋಟರ್ಸ್ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಅಮೆರಿಕದ ನ್ಯಾಯಾಲಯವೊಂದು ತೀರ್ಪು ಕೊಟ್ಟಿತು. ಕಂಪನಿ ಕಪ್ಪು ಗಂಡಸರನ್ನು ಕಾರ್ಖಾನೆಯ ಕೆಲಸಕ್ಕೆ, ಬಿಳಿ ಹೆಂಗಸರನ್ನು ಕಚೇರಿಯ ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ಹಾಗಾಗಿ ಜನಾಂಗದ ಲೆಕ್ಕದಲ್ಲೂ ತಾರತಮ್ಯ ಕಾಣಲಿಲ್ಲ, ಲಿಂಗದ ಲೆಕ್ಕದಲ್ಲೂ ಕಾಣಲಿಲ್ಲ. ಎರಡನ್ನೂ ಸೇರಿಸಿ ಹೊಸದೊಂದು ದಾವೆಯ ವರ್ಗವನ್ನು ಸೃಷ್ಟಿಸಲಾಗದು ಎಂದು ನ್ಯಾಯಾಲಯ ಹೇಳಿತು. ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಈ ತೀರ್ಪನ್ನು ಕೈಗೆತ್ತಿಕೊಂಡು ಬರೆದ ಪ್ರಬಂಧ ಇಂದು ಜಗತ್ತಿನಾದ್ಯಂತ ಓದಿಸಲ್ಪಡುತ್ತದೆ. ಜನಾಂಗವನ್ನು ಒಬ್ಬರು, ಲಿಂಗವನ್ನು ಇನ್ನೊಬ್ಬರು ಬೇರೆ ಬೇರೆ ಕೊಠಡಿಗಳಲ್ಲಿ ಪಾಠ ಮಾಡಿದರೆ ಆ ಐವರು ಎರಡೂ ಕೊಠಡಿಗಳಿಂದ ಹೊರಗೆ ನಿಂತಿರುತ್ತಾರೆ.

ಸ್ನಾತಕೋತ್ತರದಲ್ಲಿ ನೋಡಿಕೊಳ್ಳೋಣ ಎಂಬ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರುತ್ತದೆ. ಕಲಿಯುವವರಲ್ಲಿ ಬಹುಪಾಲು ಮಂದಿಯ ಓದು ಮೊದಲ ಪದವಿಗೇ ನಿಲ್ಲುತ್ತದೆ. ದಾದಿಯರು, ಶಾಲಾ ಶಿಕ್ಷಕರು, ಪೊಲೀಸ್ ಅಧಿಕಾರಿಗಳು, ಪತ್ರಕರ್ತರು ಹೊರಬರುವುದು ಅಲ್ಲಿಂದಲೇ. ಸ್ನಾತಕೋತ್ತರಕ್ಕೆ ಬರುವವರು ಆಗಲೇ ಮನಸ್ಸು ಗಟ್ಟಿಮಾಡಿಕೊಂಡು ಬಂದವರು. ಅವರ ನಡುವೆ ಚರ್ಚೆ ಒಂದೇ ದನಿಯದಾಗಿಬಿಡುತ್ತದೆ. ಪದವಿ ತರಗತಿಯಲ್ಲಿ ಹಾಗಲ್ಲ. ಅಲ್ಲಿ ಕುತೂಹಲಕ್ಕೆ ಬಂದವರಿರುತ್ತಾರೆ, ಜಗಳವಾಡಲು ಬಂದವರಿರುತ್ತಾರೆ, ಬೇರೆ ವಿಷಯದಲ್ಲಿ ಸೀಟು ಸಿಗದೆ ಬಂದವರಿರುತ್ತಾರೆ, ತನ್ನ ಬಗ್ಗೆ ಯಾರಿಗೂ ಹೇಳದ ಮಾತನ್ನು ಒಳಗಿಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕೂತವರಿರುತ್ತಾರೆ. ಈ ವಿಷಯಕ್ಕೆ ಬೇಕಾಗಿರುವುದು ಅಂಥ ತರಗತಿ.

ಪದವಿ ಹೇಗಿರಬೇಕು ಎಂಬ ಬಗ್ಗೆಯೂ ನನಗೆ ಖಚಿತ ಅಭಿಪ್ರಾಯಗಳಿವೆ. ಮೊದಲ ವರ್ಷವೇ ಸಂತಾನೋತ್ಪತ್ತಿ ಜೀವಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಎಲ್ಲರಿಗೂ ಕಡ್ಡಾಯವಾಗಬೇಕು; ಅಂಕಿಗಳಿಗೆ ಹೆದರುವ ಲಿಂಗತ್ವ ಅಧ್ಯಯನ ಕುಂಟುತ್ತದೆ. ಪುರುಷತ್ವದ ಅಧ್ಯಯನವನ್ನು ಕೊನೆಯ ಘಟಕದಲ್ಲಿ ಎರಡು ಪುಟಕ್ಕೆ ಮುಗಿಸಬಾರದು, ಅದಕ್ಕೆ ಪ್ರತ್ಯೇಕ ಪತ್ರಿಕೆಯೇ ಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ಎರಡನೆಯ ಮುಖ್ಯ ವಿಷಯವೊಂದನ್ನು, ಅರ್ಥಶಾಸ್ತ್ರವನ್ನೋ ಕಾನೂನನ್ನೋ ಗಣಕ ವಿಜ್ಞಾನವನ್ನೋ, ಜೊತೆಗೆ ಓದುವಂತಿರಬೇಕು. ಅಂಕ ಕೊಡುವುದು ವಾದದ ಕಟ್ಟುನಿಟ್ಟಿಗೆ. ವಿದ್ಯಾರ್ಥಿಯ ನಿಲುವು ಅಧ್ಯಾಪಕರ ನಿಲುವಿಗೆ ಹೊಂದುತ್ತದೆಯೇ ಎಂಬುದಕ್ಕಲ್ಲ. ಇದನ್ನು ಖಾತ್ರಿಪಡಿಸಲು ಉತ್ತರಪತ್ರಿಕೆಗಳನ್ನು ಹೊರಗಿನವರಿಂದಲೂ ಮೌಲ್ಯಮಾಪನ ಮಾಡಿಸಿ. ಯಾವ ತರಗತಿಯಲ್ಲೂ, ಯಾವ ನಿಯೋಜಿತ ಬರಹದಲ್ಲೂ ವಿದ್ಯಾರ್ಥಿಯಿಂದ ತನ್ನ ಲೈಂಗಿಕತೆಯ ಬಗ್ಗೆ, ತನಗಾದ ಹಿಂಸೆಯ ಬಗ್ಗೆ ಹೇಳಿಸಬಾರದು. ತಾನಾಗಿ ಹೇಳಿದರೆ ಅದು ಅಲ್ಲಿಂದ ಹೊರಗೆ ಹೋಗಬಾರದು. ಇದನ್ನು ಅಧ್ಯಾಪಕರ ಒಳ್ಳೆಯತನಕ್ಕೆ ಬಿಡದೆ ನಿಯಮವಾಗಿ ಬರೆಯಿರಿ. ಪದವಿಯ ಪ್ರಮಾಣಪತ್ರದ ಮೇಲೆ ವಿಷಯದ ಹೆಸರು ಹೇಗೆ ಅಚ್ಚಾಗಬೇಕು ಎಂಬುದನ್ನು ವಿದ್ಯಾರ್ಥಿಯ ಆಯ್ಕೆಗೆ ಬಿಡುವುದೂ ಒಳಿತು. ಎಲ್ಲ ಮನೆಗಳಲ್ಲೂ ಆ ಹೆಸರನ್ನು ಗೋಡೆಗೆ ತೂಗುಹಾಕುವ ಧೈರ್ಯ ಇರುವುದಿಲ್ಲ, ಆ ಕಾರಣಕ್ಕೆ ಯಾರೂ ಓದನ್ನು ಬಿಡಬಾರದು.

ಎಲ್ಲಕ್ಕಿಂತ ಮೊದಲು ಹುದ್ದೆಗಳು. ಕನಿಷ್ಠ ನಾಲ್ವರು ಪೂರ್ಣಾವಧಿಯ ಕಾಯಂ ಅಧ್ಯಾಪಕರಿಲ್ಲದೆ ಈ ಪದವಿಯನ್ನು ತೆರೆಯಬೇಡಿ. ಅವರಲ್ಲಿ ಒಬ್ಬರಾದರೂ ವಿಜ್ಞಾನದ ಹಿನ್ನೆಲೆಯವರಾಗಿರಲಿ. ಪದವಿಗೆ ಮಂಜೂರಾತಿ ಕೊಟ್ಟು ಹುದ್ದೆಗಳನ್ನು ಮುಂದಿನ ವರ್ಷಕ್ಕೆ ತಳ್ಳಿದರೆ, ಮತ್ತೆ ಅದೇ ಅರೆಬರೆ ಪಾಠಕ್ಕೆ ಮೂರು ವರ್ಷಗಳ ಹೆಸರು ಕೊಟ್ಟಂತಾಗುತ್ತದೆ. ಅದಕ್ಕಿಂತ ಇನ್ನೂ ಒಂದು ವರ್ಷ ಕಾಯುವುದು ಮೇಲು ಎಂದು ಈ ವಿಷಯವನ್ನು ಪ್ರೀತಿಸುವ ನಾನೇ ಹೇಳುತ್ತೇನೆ.

ಮುಂದಿನ ಸಭೆಯಲ್ಲಿ ಈ ಪ್ರಸ್ತಾವ ಬರುವಾಗ ಪಠ್ಯಕ್ರಮದ ಕರಡು ಮತ್ತು ಹುದ್ದೆಗಳ ಬೇಡಿಕೆ ಎರಡೂ ಒಂದೇ ಕಡತದಲ್ಲಿ ಬರಲಿ, ಎರಡರ ಮೇಲೂ ಒಂದೇ ದಿನ ತೀರ್ಮಾನವಾಗಲಿ. ಒಪ್ಪದಿದ್ದರೆ ಕಾರಣಗಳನ್ನು ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಸೂಚನಾ ಫಲಕದಲ್ಲಿ ಹಾಕಿಸಿ. ವಿದ್ಯಾರ್ಥಿಗಳೂ ನಾವೂ ಅವುಗಳಿಗೆ ಒಂದೊಂದಾಗಿ ಉತ್ತರ ಬರೆದು ಕಳಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಐಚ್ಛಿಕ ಪತ್ರಿಕೆಯ ಒಬ್ಬ ಅಧ್ಯಾಪಕಿ